ಎಡಗಡೆಯ ಹೊಗೆ

ನಮ್ಮೂರಲ್ಲಿ ಬೆಳ್ಳಗಿನ ಗೋಡೆಯ ಮನೆಗೆ ಹೆಣ್ಣು ಕೊಡುವ ಮುಂಚೆ ಜನ ಎರಡು ಸಲ ಯೋಚಿಸುತ್ತಾರೆ. ಗೋಡೆ ಬೆಳ್ಳಗಿದೆ ಎಂದರೆ ಆ ಮನೆಯಲ್ಲಿ ಟಗ್ಗಿನ ಎಂಜಿನ್ ನಡೆಸುವವರು ಯಾರೂ ಇಲ್ಲ ಎಂದೇ ಲೆಕ್ಕ. ಟಗ್ಗು ಎಂದರೆ ಗೊತ್ತಲ್ಲ, ದೊಡ್ಡ ಹಡಗಿಗೆ ಹಗ್ಗ ಕಟ್ಟಿ ಬಂದರಿನ ಕಟ್ಟೆಗೆ, ಅಂದರೆ ಧಕ್ಕೆಗೆ, ಎಳೆದು ತರುವ ಗಿಡ್ಡ, ದಪ್ಪ ದೋಣಿ. ನಮ್ಮ ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಉಂಟು. ಯಾವ ಹಡಗೂ ತಾನಾಗಿ ಒಳಗೆ ಬರಲಾರದು, ಟಗ್ಗು ಹೋಗಿಯೇ ಕರೆತರಬೇಕು. ಹಡಗು ಬಂದರೆ ಊರಿಗೆ ಊಟ. ಆ ಟಗ್ಗಿನ ಹೊಗೆ, ಎಂಜಿನ್ ಯಾರು ನಡೆಸುತ್ತಾರೋ ಅವರ ಮನೆಗೆ ಹೋಗುತ್ತದೆ.

ಹೊರಗಿನವರು ಬಂದು ಇದನ್ನು ನೋಡಿ ಬಾಯಿ ಬಿಡುತ್ತಾರೆ. ಯಾಕೆ ಹೋಗುತ್ತದೆ, ಎದುರುಗಾಳಿ ಇದ್ದರೂ ಹೋಗುತ್ತದಾ ಎಂದು ಕೇಳುತ್ತಾರೆ. ಸಂಜೆ ದನ ಹಟ್ಟಿಗೆ ಯಾಕೆ ಬರುತ್ತದೆ ಎಂದು ಇವರು ಯಾವತ್ತಾದರೂ ಕೇಳಿದ್ದಾರಾ? ಕೇಳಿಲ್ಲ. ನಮ್ಮ ಹೊಗೆ ಮಾತ್ರ ಇವರ ತಲೆ ತಿನ್ನುತ್ತದೆ.

ಹೊಗೆಗೆ ಒಂದು ಮರ್ಯಾದೆ ಉಂಟು, ಮನುಷ್ಯರು ಓಡಾಡುವ ಬಾಗಿಲಿಂದ ಅದು ಬರುವುದಿಲ್ಲ. ಅದಕ್ಕೆ ಎಂಜಿನಿನವರ ಮನೆಯಲ್ಲಿ ಮುಂಬಾಗಿಲ ಮೇಲೆ ಒಂದು ಕಿಂಡಿ ಇಟ್ಟಿರುತ್ತಾರೆ. ಟಗ್ಗಿನ ಹಾರ್ನ್ ಕೇಳಿದ ಕೂಡಲೆ ಮನೆಯ ಹೆಂಗಸರು ಕಿಂಡಿಯ ಹಲಗೆ ಸರಿಸುತ್ತಾರೆ. ಹೊಗೆ ಒಳಗೆ ಬಂದು, ಕೋಣೆ ಕೋಣೆ ಸುತ್ತಿ, ಹಿಂಬಾಗಿಲಿಂದ ಹೊರಗೆ ಹೋಗಿ, ಬಾವಿಕಟ್ಟೆಯ ಹತ್ತಿರ ಎಲ್ಲ ಹೊಗೆಯ ಹಾಗೆ ಕರಗುತ್ತದೆ. ಹೊಗೆ ಕಪ್ಪಾಗಿದ್ದರೆ ಟಗ್ಗು ಭಾರ ಎಳೆಯುತ್ತಿದೆ, ಗಂಡ ಹಸಿದು ಬರುತ್ತಾನೆ, ಅಕ್ಕಿ ಸ್ವಲ್ಪ ಜಾಸ್ತಿ ಹಾಕಬೇಕು. ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ, ಗಂಡ ಸಿಟ್ಟಿನಲ್ಲಿ ಬರುತ್ತಾನೆ, ಮಾತು ಕಡಿಮೆ ಮಾಡಬೇಕು. ಇಷ್ಟನ್ನು ನಮ್ಮೂರ ಹೆಣ್ಣುಮಕ್ಕಳು ಅಡುಗೆ ಕಲಿಯುವಾಗಲೇ ಕಲಿಯುತ್ತಾರೆ. ಹಿಂದೊಮ್ಮೆ ಒಬ್ಬಳು ಅಭ್ಯಾಸಬಲದಲ್ಲಿ ಕಿಂಡಿ ಮುಚ್ಚಿ ತವರಿಗೆ ಹೋಗಿಬಿಟ್ಟಳು. ಒಳಗೆ ಹೋಗಲಾಗದ ಹೊಗೆ ಬಾಗಿಲಲ್ಲೇ ನಿಂತಿತು, ಅತ್ತ ನದಿಯ ನಡುವೆ ಟಗ್ಗು ಉಸಿರುಗಟ್ಟಿ ನಿಂತಿತು. ನೆರೆಯವರು ಏಣಿ ಇಟ್ಟು ತೆಗೆದರೆ ಹೊಗೆ ಒಪ್ಪುವುದಿಲ್ಲ, ಮನೆಯವರೇ ತೆಗೆಯಬೇಕು. ಪಾಪ, ಆಕೆಯನ್ನು ಬಸ್ಸಿನಿಂದ ಇಳಿಸಿ ವಾಪಸ್ಸು ಕರೆತಂದರು.

ನಮ್ಮ ಅಪ್ಪ ಹಳೆಯ ಟಗ್ಗಿನ ಎಂಜಿನ್ ನಡೆಸಿದವರು. ಈಗ ನಾನಿರುವ ಮನೆಗೇ ಆ ಹೊಗೆ ಬರುತ್ತಿತ್ತು. ನಾವು ಇಬ್ಬರು ಗಂಡುಮಕ್ಕಳು, ನಾನು ದೇಜಪ್ಪ, ನನ್ನ ತಮ್ಮ ಐತಪ್ಪ. ನಾನು ಚಿಕ್ಕ ವಯಸ್ಸಿನಲ್ಲೇ ವೆಲ್ಡಿಂಗ್ ಕಲಿತು ಟಗ್ಗಿಗೆ, ಮೀನಿನ ಬೋಟುಗಳಿಗೆ ಹೊಗೆಪೈಪು ಮಾಡುವ ಶೆಡ್ಡು ಹಾಕಿಕೊಂಡಿದ್ದೆ. ಆದರೂ ಅಪ್ಪ ಕೆಲಸ ಬಿಟ್ಟ ಮೇಲೆ ಎಂಜಿನ್ ನನ್ನ ಕೈಗೆ ಬರುತ್ತದೆಂದೇ ಎಣಿಸಿದ್ದೆ. ಹಿರಿಯವ ನಾನಲ್ಲವೇ? ಬಂದರು ಆಫೀಸಿನವರು ಇಬ್ಬರನ್ನೂ ಕರೆದು ಕೂರಿಸಿ ಕೇಳಿದಾಗ ಐತಪ್ಪ ಎಲ್ಲರ ಎದುರು ಹೇಳಿದ, "ಅಣ್ಣ ಪೈಪಿಗೆ ಒಳ್ಳೆ ಜನ. ಎಂಜಿನ್ ಅವನಿಗೆ ಆಗುದಿಲ್ಲ." ಅಪ್ಪನೂ ಅಲ್ಲೇ ಇದ್ದರು. ಅಲ್ಲ ಎಂದು ಹೇಳಲಿಲ್ಲ.

ಕೆಲಸ ಅವನಿಗೆ ಸಿಕ್ಕಿತು. ಲೋಲಾಕ್ಷಿಯನ್ನು ಮದುವೆಯಾಗಿ ಮೀನು ಮಾರ್ಕೆಟ್ಟಿನ ಆಚೆ ಬೇರೆ ಮನೆ ಮಾಡಿದ. ಹೊಗೆಯೂ ಅವನ ಹಿಂದೆಯೇ ಹೋಯಿತು. ನಾನು ನಮ್ಮ ಕಿಂಡಿಗೆ ಇಟ್ಟಿಗೆ ಇಟ್ಟು, ಮೇಲೆ ಸಿಮೆಂಟಿನ ಗಿಲಾವು ಮಾಡಿ, ಇಡೀ ಮನೆಗೆ ಸುಣ್ಣ ಹೊಡೆದೆ. ಅಲ್ಲಿಂದ ನಮ್ಮೊಳಗೆ ಮಾತಿಲ್ಲ. ಅಪ್ಪ ತೀರಿಕೊಂಡಾಗಲೂ ಹೆಣದ ಆಚೆ ಅವನು, ಈಚೆ ನಾನು. ಅವನ ಟಗ್ಗಿನ ಪೈಪು ತೂತಾದರೆ ತಂಡೇಲ ಇದಿನಬ್ಬ ಅದನ್ನು ಹೊರಿಸಿಕೊಂಡು ನನ್ನ ಶೆಡ್ಡಿಗೆ ಬರುತ್ತಿದ್ದ. ನಾನು ತೇಪೆ ಹಾಕಿ ಕಳಿಸುತ್ತಿದ್ದೆ. ತಂಡೇಲ ಎಂದರೆ ಚುಕ್ಕಾಣಿ ಹಿಡಿಯುವವ, ಟಗ್ಗಿನ ಯಜಮಾನ. ಪೈಪು ಕೊಡುವಾಗ ಇದಿನಬ್ಬ ಒಮ್ಮೆ ನನ್ನ ಮುಖ ನೋಡುತ್ತಿದ್ದ, ನಾನು ಬೇರೆ ಕಡೆ ನೋಡುತ್ತಿದ್ದೆ.

ಹಳೆಯ ಟಗ್ಗಿನಲ್ಲಿ ಒಂದೇ ಪೈಪು, ಚುಕ್ಕಾಣಿ ಕೋಣೆಯ ಹಿಂದೆ, ಸರಿಯಾಗಿ ನಡುವಿಗೆ. ನೋಡಲಿಕ್ಕೆ ಗತ್ತು. ಆದರೆ ಟಗ್ಗಿನಲ್ಲಿ ನೋಡಬೇಕಾದದ್ದು ಮುಂದಲ್ಲ, ಹಿಂದೆ. ಕೊಕ್ಕೆ, ಹಗ್ಗ, ಹಗ್ಗದ ತುದಿಯ ಹಡಗು, ಎಲ್ಲ ಹಿಂದೆ. ಇದಿನಬ್ಬ ಆ ದಪ್ಪ ಪೈಪಿನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುತ್ತಿಗೆ ಚಾಚಿ ಚಾಚಿ ಅವನ ಕುತ್ತಿಗೆಯೇ ಓರೆಯಾಗಿತ್ತು. ಒಂದು ದಿನ ಹಗ್ಗ ಅಡ್ಡಕ್ಕೆ ತಿರುಗಿದ್ದು ಅವನಿಗೆ ಕಾಣಲಿಲ್ಲ, ಟಗ್ಗು ಮಗುಚುವುದರಲ್ಲಿತ್ತು, ಹೇಗೋ ಹಗ್ಗ ಕಡಿದು ಜೀವ ಉಳಿಸಿಕೊಂಡರು. ಆಮೇಲೆ ಬಂದರಿನವರಿಗೆ ಬುದ್ಧಿ ಬಂತು. ಹೊಸ ಟಗ್ಗು ತರಿಸಿದರು. ಎರಡು ಎಂಜಿನ್, ಒಂದೊಂದಕ್ಕೆ ಒಂದೊಂದು ಪೈಪು, ಎರಡು ಪಕ್ಕದಲ್ಲಿ. ನಡುವಿನ ಜಾಗ ಖಾಲಿ, ತಂಡೇಲ ಹಿಂತಿರುಗಿದರೆ ಹಗ್ಗ ಸೀದಾ ಕಣ್ಣಿಗೆ ಬೀಳಬೇಕು. ಪೈಪು ಮಾಡುವ ಕೆಲಸ ನನಗೆ ಬಂತು. ಎಂಜಿನ್ ನಡೆಸುವುದು ಯಾರು ಎಂದು ನಾನು ಕೇಳಲಿಲ್ಲ. ಕೇಳುವುದೆಂತ, ಊರಿಗೇ ಗೊತ್ತಿತ್ತು.

ಪೈಪು ಎಂದರೆ ಒಂದು ತಗಡು ಸುತ್ತಿ ನಿಲ್ಲಿಸುವುದು ಎಂದು ಜನ ತಿಳಿದುಕೊಂಡಿದ್ದಾರೆ. ಗಿಡ್ಡ ಮಾಡಿದರೆ ಹೊಗೆ ಡೆಕ್ಕಿನವರ ಮೂಗಿಗೆ ಹೊಡೆಯುತ್ತದೆ. ಎತ್ತರ ಮಾಡಿದರೆ, ಹಡಗಿನ ಮೂತಿ ಹೊರಕ್ಕೆ ಚಾಚಿರುತ್ತದಲ್ಲ, ಟಗ್ಗು ಅದರ ಅಡಿಗೆ ನುಗ್ಗುವಾಗ ಪೈಪಿನ ತಲೆ ತಾಗಿ ಬಾಗುತ್ತದೆ. ಸೀದಾ ನಿಲ್ಲಿಸಿದರೆ ಇನ್ನೊಂದು ತಾಪತ್ರಯ. ಟಗ್ಗು ಮುಂದೆ ಹೋಗುವಾಗ ಚುಕ್ಕಾಣಿ ಕೋಣೆಯ ಬೆನ್ನಿಗೆ ಗಾಳಿ ಸುಳಿ ಹಾಕುತ್ತದೆ, ಆ ಸುಳಿ ಹೊಗೆಯನ್ನು ಕೆಳಕ್ಕೆ ಎಳೆದು ತಂಡೇಲನ ಕಣ್ಣಿಗೇ ತುಂಬುತ್ತದೆ. ನಾನು ರಟ್ಟಿನಲ್ಲಿ ಪುಟ್ಟ ಟಗ್ಗು ಮಾಡಿ, ಪೈಪಿನ ಜಾಗದಲ್ಲಿ ಊದುಬತ್ತಿ ಸಿಕ್ಕಿಸಿ, ಊಟದ ಮೇಜಿನ ಮೇಲೆ ಟೇಬಲ್ ಫ್ಯಾನಿನ ಎದುರಿಟ್ಟು ನೋಡುತ್ತಾ ಕೂರುತ್ತಿದ್ದೆ. ಹಿಂದಕ್ಕೆ ಸ್ವಲ್ಪ, ಹೊರಕ್ಕೆ ಸ್ವಲ್ಪ ಓರೆ ಮಾಡಿದಾಗ ಹೊಗೆ ಸುಳಿಗೆ ಸಿಕ್ಕದೆ ಹೋಯಿತು. ನನ್ನ ಹೆಂಡತಿ ಗುಲಾಬಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು.

"ನಿಮ್ಮ ಪೂಜೆ ಮುಗಿದ್ರೆ ಗಂಜಿ ಬಡಿಸ್ತೇನೆ," ಎಂದಳು.

"ನೋಡು ಮಾರಾಯ್ತಿ, ಹೇಗೆ ಹೋಗ್ತದೆ ನೋಡು."

"ಹೋಗುದು ಕಾಣ್ತದೆ. ಎರಡು ಹೋಗ್ತದಲ್ಲ, ಎರಡನೇದು ಎಲ್ಲಿಗೆ ಹೋಗುದು?"

ಅವಳು ಸಹಜವಾಗಿ ಕೇಳಿದಳು. ಆದರೆ ಆ ಪ್ರಶ್ನೆ ಅಷ್ಟರಲ್ಲಾಗಲೇ ಊರಿಡೀ ಸುತ್ತುತ್ತಿತ್ತು. ನಮ್ಮಲ್ಲಿ ಎರಡು ಪೈಪಿನ ಟಗ್ಗು ಬಂದದ್ದೇ ಇಲ್ಲ. ಒಂದು ಹೊಗೆ ಮನೆಗೆ ಹೋಗುತ್ತದೆ, ಸರಿ. ಇನ್ನೊಂದೂ ಅದೇ ಮನೆಗೆ ಹೋಗುತ್ತದೆ ಎಂದು ಕೆಲವರು. ಹಾಗಾದರೆ ಒಂದರ ಹಿಂದೆ ಒಂದು ಹೋಗುತ್ತದಾ ಎಂದು ಇನ್ನು ಕೆಲವರು. ಚಾದ ಅಂಗಡಿಯಲ್ಲಿ ಕೂತವರು ಮಾತ್ರ ನಗುತ್ತಾ, ಗಂಡಸಿಗೆ ಮನಸ್ಸಿನಲ್ಲಿ ಇನ್ನೊಂದು ಮನೆ ಇದ್ದರೆ ಈಗ ಗೊತ್ತಾಗುತ್ತದೆ ಎಂದರು. ಇದು ಲೋಲಾಕ್ಷಿಯ ಕಿವಿಗೂ ಬಿತ್ತು.

ಒಂದು ಮಧ್ಯಾಹ್ನ ಅವಳು ನನ್ನ ಶೆಡ್ಡಿಗೆ ಬಂದಳು. ನನ್ನ ಶೆಡ್ಡಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಬಾಗಿಲಲ್ಲೇ ನಿಂತಳು.

"ಬಾವ, ಆ ಎರಡು ಪೈಪನ್ನು ಮೇಲೆ ಸೇರಿಸಿ ಒಂದು ಮಾಡ್ಲಿಕ್ಕೆ ಆಗ್ತದಾ?"

"ಆಗುದಿಲ್ಲ. ಒಂದು ಎಂಜಿನ್ ನಿಲ್ಲಿಸಿದಾಗ ಇನ್ನೊಂದರ ಹೊಗೆ ಇದರೊಳಗೆ ಇಳೀತದೆ. ಒಳಗಿಂದ ತುಕ್ಕು ಹಿಡಿದು ಎಂಜಿನ್ ಹಾಳಾಗ್ತದೆ. ನಡುವಿಗೆ ತಂದ್ರೆ ತಂಡೇಲನಿಗೆ ಹಗ್ಗ ಕಾಣುದಿಲ್ಲ."

"ಹೌದಾ." ಬೆರಳಿನ ಸೆರಗು ಬಿಚ್ಚುತ್ತಾ ಹೇಳಿದಳು, "ಇವ್ರು ಎಂತದೂ ಹೇಳುದಿಲ್ಲ. ಕೇಳಿದ್ರೆ ಗೊತ್ತಿಲ್ಲ ಅಂತಾರೆ. ನಂಗೆ ನಿದ್ದೆ ಬರುದಿಲ್ಲ ಬಾವ."

ಅವಳ ಮೇಲೆ ಕನಿಕರ ಬಂತು. ಆದರೆ ಅದರ ಜೊತೆಗೆ ನನ್ನೊಳಗೆ ಯಾವುದೋ ಒಂದು ಖುಷಿಯೂ ತಲೆ ಎತ್ತಿತು ಎಂದು ಹೇಳಲೇಬೇಕು. ಎಲ್ಲರ ಎದುರು ನನ್ನನ್ನು ಆಗದವನು ಎಂದವನ ಹೊಗೆ ಈಗ ಎಲ್ಲರ ಎದುರು ಎಲ್ಲಿಗಾದರೂ ಹೋಗಿ ನಿಲ್ಲಲಿ, ನಾನೂ ನೋಡುತ್ತೇನೆ. ಪೈಪುಗಳನ್ನು ಮಾತ್ರ ಒಂದು ಕೂದಲೆಳೆ ತಪ್ಪಿಲ್ಲದೆ ಮಾಡಿದೆ. ಬಾಯಿಯನ್ನು ಓರೆಯಾಗಿ ಕತ್ತರಿಸಿ, ಮಳೆನೀರು ಇಳಿಯದ ಹಾಗೆ ಮುಚ್ಚಳ ಇಟ್ಟು, ಡೆಕ್ಕಿನವರ ಕೈ ಸುಡದ ಹಾಗೆ ಸುತ್ತ ಬಿಸಿ ತಡೆಯುವ ಪಟ್ಟಿ ಸುತ್ತಿ ಕೊಟ್ಟೆ.

ಟಗ್ಗು ಮೊದಲ ಸಲ ನೀರಿಗಿಳಿದ ಬೆಳಿಗ್ಗೆ ಇಡೀ ಊರು ಧಕ್ಕೆಯಲ್ಲಿತ್ತು. ಐತಪ್ಪ ಯಾರನ್ನೂ ನೋಡದೆ ಕೆಳಗೆ ಎಂಜಿನ್ ಕೋಣೆಗೆ ಇಳಿದ. ಎರಡೂ ಎಂಜಿನ್ ಒಟ್ಟಿಗೆ ಎದ್ದವು. ನನ್ನ ಪೈಪುಗಳ ಬಾಯಿಂದ ಎರಡು ಹೊಗೆ, ನಾನು ಎಣಿಸಿದ ಹಾಗೆಯೇ, ಹಿಂದಕ್ಕೂ ಹೊರಕ್ಕೂ ಬಾಗಿ ಮೇಲೆದ್ದವು. ಇದಿನಬ್ಬ ಹಿಂತಿರುಗಿ ಹಗ್ಗ ನೋಡಿ ನನ್ನ ಕಡೆ ಕೈ ಎತ್ತಿದ. ಬಲಗಡೆಯ ಹೊಗೆ ತಡಮಾಡದೆ ಮಾರ್ಕೆಟ್ಟಿನ ಮೇಲಿಂದ ಲೋಲಾಕ್ಷಿಯ ಮನೆಗೆ ಹೋಯಿತು. ಎಡಗಡೆಯದ್ದು ಸ್ವಲ್ಪ ಹೊತ್ತು ದೀಪಸ್ತಂಭದ ಹತ್ತಿರ ತಿರುಗಿ, ದಾರಿ ಜ್ಞಾಪಿಸಿಕೊಂಡ ಹಾಗೆ ಮಾಡಿ, ಪೇಟೆಯ ಕಡೆ ಹೊರಟಿತು.

ಜನ ಅದರ ಹಿಂದೆಯೇ ನಡೆದರು. ನಾನೂ ನಡೆದೆ, ಕೈಕಟ್ಟಿಕೊಂಡು, ಎಲ್ಲರಿಗಿಂತ ಎರಡು ಹೆಜ್ಜೆ ಹಿಂದೆ. ಹೊಲಿಗೆ ಕ್ಲಾಸಿನ ಜುಲಿಯಾನಳ ಮನೆ ಬಂದಾಗ ಎಲ್ಲರೂ ಉಸಿರು ಹಿಡಿದರು. ಜುಲಿಯಾನ ಬಾಗಿಲಿಗೆ ಬಂದು "ಎಂತ ಸಾವು ಮಾರಾಯ್ರೆ, ನನ್ನ ಮನೆ ಎದುರು ಎಂತ ಜಾತ್ರೆ?" ಎಂದು ಬೈದಳು. ಹೊಗೆ ಅವಳನ್ನು ದಾಟಿ ಹೋಯಿತು. ಅಕ್ಕಿ ಮಿಲ್ಲು ದಾಟಿತು. ಏರು ದಾರಿ ಹತ್ತಿತು. ಆ ದಾರಿಯಲ್ಲಿ ಇರುವುದು ನಾಲ್ಕಾರು ಮನೆ. ಅವುಗಳಲ್ಲಿ ಯಾವ ಮನೆಯವಳಪ್ಪಾ ಎಂದು ನಾನು ಒಂದೊಂದಾಗಿ ಯೋಚಿಸುತ್ತಾ ಹತ್ತಿದೆ. ಮುಂದಿದ್ದವರು ನಿಂತರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಹೊಗೆ ನಮ್ಮ ಗೇಟು ದಾಟಿ, ಅಂಗಳ ದಾಟಿ, ಬಾಗಿಲ ಮೇಲೆ ಕಿಂಡಿ ಇದ್ದ ಜಾಗದಲ್ಲಿ ಗಿಲಾವಿಗೆ ಮುಖ ಕೊಟ್ಟು ನಿಂತಿತ್ತು.

ತನ್ನ ಮನೆಯ ಕಿಂಡಿ ತೆರೆದಿಟ್ಟು ಜನರ ಜೊತೆ ಬಂದಿದ್ದ ಲೋಲಾಕ್ಷಿ ನಮ್ಮ ಕಂಪೌಂಡಿನ ಗೋಡೆಯ ಮೇಲೆ ಕುಸಿದು ಕೂತು ನಗತೊಡಗಿದಳು. ನಕ್ಕು ನಕ್ಕು ಕಣ್ಣೀರು ಸುರಿಸಿದಳು. ಗುಲಾಬಿ ಒಳಗಿಂದ ಬಂದು ಹೊಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಎಲ್ಲರೂ ನಾನೇನಾದರೂ ಹೇಳಲಿ ಎಂದು ಕಾದರು.

"ಎಡಗಡೆ ಪೈಪಿನ ಓರೆ ಜಾಸ್ತಿಯಾಗಿದೆ," ಎಂದೆ ನಾನು. "ಅದಕ್ಕೆ ದಾರಿ ತಪ್ಪಿ ಇಲ್ಲಿಗೆ ಬಂದಿದೆ. ಸರಿ ಮಾಡಿ ಕೊಡ್ತೇನೆ."

ಇಷ್ಟು ವರ್ಷದಲ್ಲಿ ನನ್ನ ಕೆಲಸದಲ್ಲಿ ತಪ್ಪುಂಟು ಎಂದು ನಾನು ಯಾರ ಹತ್ತಿರವೂ ಒಪ್ಪಿದವನಲ್ಲ. ಅವತ್ತು ತಪ್ಪಿಲ್ಲದ ಕೆಲಸಕ್ಕೆ ತಪ್ಪೊಪ್ಪಿಕೊಂಡೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಳಿದು ಹೋದರು. ಅತ್ತ ಟಗ್ಗಿನ ಎಡಗಡೆಯ ಎಂಜಿನ್ ಆಗಲೇ ಕೆಮ್ಮಲು ಶುರುವಾಗಿತ್ತು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ನನಗೇ ನಗು ಬರುತ್ತದೆ. ಎಡಗಡೆಯ ಪೈಪು ಬಿಚ್ಚಿ ತಂದು ಓರೆ ಕಡಿಮೆ ಮಾಡಿದೆ. ಹೊಗೆ ನಮ್ಮಲ್ಲಿಗೇ ಬಂತು. ಸೀದಾ ನಿಲ್ಲಿಸಿದೆ. ಇದಿನಬ್ಬನ ಕಣ್ಣಿಗೆ ಸ್ವಲ್ಪ ಹೊಡೆದು ನಮ್ಮಲ್ಲಿಗೇ ಬಂತು. ಹಟ ಬಂದು ಬಲಕ್ಕೇ ಬಾಗಿಸಿದೆ. ಹೊಗೆ ಬಲಗಡೆಯ ಹೊಗೆಯನ್ನು ಅಡ್ಡ ದಾಟಿ, ಒಂದು ಸುತ್ತು ಹಾಕಿ, ನಮ್ಮಲ್ಲಿಗೇ ಬಂತು. ಬಂದು ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಒಳಗೂ ಹೋಗಲಾರದು, ಹಿಂದೆಯೂ ಹೋಗಲಾರದು. ಗೋಡೆಯ ಸುಣ್ಣ ಅಲ್ಲಿ ಮಾತ್ರ ಮಸುಕಾಗತೊಡಗಿತು. ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ.

"ನೀವು ಪೈಪನ್ನು ಎಷ್ಟು ತಿರುಪಿದ್ರೂ ಅಷ್ಟೇ," ಎಂದಳು ಗುಲಾಬಿ. "ಒಂದು ಸುತ್ತಿಗೆ ತಂದು ಕಿಂಡಿ ಒಡೀರಿ. ಅರ್ಧ ಗಂಟೆ ಕೆಲಸ."

"ನಿನಗೆ ಅಷ್ಟು ಅವಸರ ಇದ್ರೆ ನೀನೇ ಒಡಿ."

"ನಾನು ಒಡೀಬಹುದು. ಆಮೇಲೆ ನೀವು ನನ್ನ ಹತ್ರ ಮಾತು ಬಿಡ್ತೀರಿ. ನಂಗೆ ಬೇಡಪ್ಪ, ಈ ಮನೆಯಲ್ಲಿ ಮಾತಾಡ್ಲಿಕ್ಕೆ ಇರುದೇ ಇಬ್ರು."

ಕೊನೆಗೆ ಇದಿನಬ್ಬ ಬಂದ. ಕಣ್ಣು ಕೆಂಪಾಗಿತ್ತು. ಜಗಲಿಯ ತುದಿಯಲ್ಲಿ ಕೂತು ಗುಲಾಬಿ ಕೊಟ್ಟ ಚಾ ಕುಡಿದ. ಪೈಪಿನ ವಿಷಯ ಅವನು ಎತ್ತಲಿಲ್ಲ. ನಾನೇ ಎತ್ತಿದೆ.

"ಒಳಗಿನ ಅಗಲ ಕಡಿಮೆಯಾಯ್ತೋ ಏನೋ ಇದಿನಬ್ಬ. ಇನ್ನೊಮ್ಮೆ ಬಿಚ್ಚಿ ನೋಡ್ತೇನೆ."

"ದೇಜಣ್ಣ, ನಿಮ್ಮ ಪೈಪಲ್ಲಿ ಎಂತದೂ ಇಲ್ಲ. ಅದು ನಂಗೂ ಗೊತ್ತುಂಟು, ನಿಮಗೂ ಗೊತ್ತುಂಟು." ಅವನು ಲೋಟ ಕೆಳಗಿಟ್ಟ. "ನಾಳೆ ಬೆಳಿಗ್ಗೆ ಅಕ್ಕಿ ಹಡಗು ಬರ್ತದೆ, ಫುಲ್ ಲೋಡು. ಎಡಗಡೆ ಎಂಜಿನ್ ಎಳೆಯದಿದ್ರೆ ಐತಪ್ಪನನ್ನು ಟಗ್ಗಿಂದ ಇಳಿಸ್ತಾರೆ. ಆಫೀಸಿಂದ ಹೇಳಿ ಆಯ್ತು. ಬೇರೆ ಊರಿಂದ ಜನ ತರಿಸ್ತಾರಂತೆ."

"ಅವನು ಎಂತ ಹೇಳ್ತಾನೆ?"

"ಅವನು ಎಂತ ಹೇಳುದು? ಪೈಪು ಸರಿ ಉಂಟು, ಎಂಜಿನೇ ಸರಿ ಇಲ್ಲ ಅಂತ ಆಫೀಸಲ್ಲಿ ಹೇಳಿ ಬಂದ."

ಇದಿನಬ್ಬ ಹೋದ ಮೇಲೆ ನಾನು ಜಗಲಿಯಲ್ಲೇ ಕೂತೆ. ಎಂಜಿನಿನಲ್ಲಿ ಒಂದು ಚೂರೂ ದೋಷವಿಲ್ಲ ಎಂದು ಐತಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನನ್ನ ಹೆಸರು ಉಳಿಸಿ ತನ್ನ ಎಂಜಿನನ್ನು ದೂರಿದ್ದ. ಇದು ನನಗೆ ಸಂತೋಷ ಕೊಡಬೇಕಿತ್ತು. ಸಿಟ್ಟು ತಂದಿತು. ಒಳ್ಳೆಯತನ ತೋರಿಸಲಿಕ್ಕೆ ಇವನಿಗೆ ಯಾರು ಹೇಳಿದ್ದು? ಅವನು ಟಗ್ಗಿಂದ ಇಳಿಯಲಿ ಎಂದು ನಾನು ಎಷ್ಟು ವರ್ಷ ಮನಸ್ಸಿನಲ್ಲೇ ಬಯಸಿದ್ದೆ. ನಾಳೆ ಬೆಳಿಗ್ಗೆ ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತಿದ್ದರೆ ಸಾಕು, ಅದು ಆಗಿಹೋಗುತ್ತದೆ.

ಬೆಳಿಗ್ಗೆ ಹಾಗೆಯೇ ಸುಮ್ಮನೆ ಕೂತೆ. ನಮ್ಮ ಜಗಲಿಯಿಂದ ಅಳಿವೆ ಇಡೀ ಕಾಣುತ್ತದೆ. ಹಡಗು ಹೊಟ್ಟೆ ತುಂಬ ಅಕ್ಕಿ ಹೊತ್ತು ನೀರಲ್ಲಿ ಆಳಕ್ಕೆ ಕೂತಿತ್ತು. ಟಗ್ಗು ಹಗ್ಗ ಬಿಗಿದು ಎಳೆಯತೊಡಗಿತು. ಬಲಗಡೆಯ ಹೊಗೆ ಮಾರ್ಕೆಟ್ಟಿನ ಕಡೆ ಹೋಯಿತು, ಎಡಗಡೆಯದ್ದು ಕಪ್ಪಗೆ ಬಂದು ನಮ್ಮ ಬಾಗಿಲ ಮೇಲೆ ನಿಂತಿತು. ಗುಲಾಬಿ ಚಾ ತಂದಿಟ್ಟಳು. ಕುಡಿದೆ. ರುಚಿ ಗೊತ್ತಾಗಲಿಲ್ಲ.

ಮರಳಿನ ದಿಬ್ಬದ ಹತ್ತಿರ ಬಂದಾಗ ಟಗ್ಗಿನ ಮೂತಿ ಎಡಕ್ಕೆ ತಿರುಗತೊಡಗಿತು. ಬಲಗಡೆ ಮಾತ್ರ ನೂಕುತ್ತಿತ್ತು, ಎಡಗಡೆ ಸೋಲುತ್ತಿತ್ತು. ಇದಿನಬ್ಬ ಚುಕ್ಕಾಣಿ ಎಳೆದು ಎಳೆದು ಸರಿ ಮಾಡುವುದು ಇಲ್ಲಿಂದಲೇ ತಿಳಿಯುತ್ತಿತ್ತು. ಹಿಂದೆ ಹಡಗಿನ ಬಾಲ ಮೆಲ್ಲಗೆ ದಿಬ್ಬದ ಕಡೆ ಸರಿಯುತ್ತಿತ್ತು. ನಾನು ತಲೆ ಎತ್ತಿ ಬಾಗಿಲ ಮೇಲಿನ ಹೊಗೆಯನ್ನು ನೋಡಿದೆ. ಅದೀಗ ಒಂದೇ ಸಮ ಬರುತ್ತಿರಲಿಲ್ಲ. ಬರುತ್ತಿತ್ತು, ನಿಲ್ಲುತ್ತಿತ್ತು, ತಡೆದು ಮತ್ತೆ ಬರುತ್ತಿತ್ತು. ಅಪ್ಪನ ಕೊನೆಯ ಉಸಿರುಗಳು ಹೀಗೇ ಇದ್ದವು. ನನಗೆ ಹೆದರಿಕೆಯಾಯಿತು. ಹಡಗಿನ ಹೆದರಿಕೆ ಅಲ್ಲ, ಅಕ್ಕಿಯದ್ದೂ ಅಲ್ಲ. ಕೆಳಗೆ ಎಂಜಿನ್ ಕೋಣೆಯ ಬಿಸಿಯಲ್ಲಿ ಐತಪ್ಪನೊಬ್ಬನೇ ಮೀಟರಿನ ಮುಳ್ಳು ನೋಡುತ್ತಾ ನಿಂತಿದ್ದಾನೆ, ಯಾರ ಮನೆಯ ಬಾಗಿಲು ಮುಚ್ಚಿದೆ ಎಂದು ಅವನಿಗೆ ಗೊತ್ತು, ಆದರೂ ಎಂಜಿನ್ ನಿಲ್ಲಿಸಿಲ್ಲ.

ಎದ್ದು ಒಳಗೆ ಓಡಿದೆ. ಸುತ್ತಿಗೆ ಸಿಕ್ಕಿತು, ಉಳಿ ಸಿಕ್ಕಲಿಲ್ಲ. ಗುಲಾಬಿ ಉಳಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು, ಸ್ಟೂಲನ್ನೂ ತಂದಿಟ್ಟಿದ್ದಳು. ಯಾವಾಗ ತಂದಳೋ ನನಗೆ ತಿಳಿಯದು. ಹತ್ತಿ ಹೊಡೆದೆ. ಬೆನ್ನಿಗೂ ಕುತ್ತಿಗೆಗೂ ಹೊಗೆ ಬಿಸಿಬಿಸಿಯಾಗಿ ತಾಗುತ್ತಿತ್ತು. ಗಿಲಾವು ಒಂದಿಷ್ಟೂ ಜಗ್ಗಲಿಲ್ಲ.

"ಯಾವನು ಮಾರಾಯ ಇಷ್ಟು ಗಟ್ಟಿ ಮಾಡಿದ್ದು!" ಎಂದು ಕೂಗಿದೆ.

"ಯಾರೋ ಒಳ್ಳೆ ಕೆಲಸದವ," ಎಂದಳು ಗುಲಾಬಿ ಕೆಳಗಿಂದ ಸ್ಟೂಲು ಹಿಡಿದುಕೊಂಡು. "ಮಾತು ಬಿಟ್ಟು ಹೊಡೀರಿ."

ಹೊಡೆದೆ. ಹೊಗೆಗೂ ಬೈದೆ. ನಿಲ್ಲು ಮಾರಾಯ, ಒಡೀತಾ ಇದ್ದೇನಲ್ಲ, ಸ್ವಲ್ಪ ತಡಿ, ಸಾಯ್ಬೇಡ ಎಂದು ಏನೇನೋ ಹೇಳಿದೆ. ಗಿಲಾವಿನ ಒಂದು ಚೂರು ಎದ್ದಿತು, ಆಮೇಲೆ ಒಂದು ದೊಡ್ಡ ಹಾಳೆಯೇ ಕಳಚಿ ಬಿದ್ದು ಸ್ಟೂಲಿನ ಕಾಲಿಗೆ ಬಡಿಯಿತು. ಇಟ್ಟಿಗೆಯನ್ನು ಕೈಯಿಂದಲೇ ಒಳಕ್ಕೆ ನೂಕಿದೆ. ಹೊಗೆ ನನ್ನ ತಲೆಯ ಮೇಲಿಂದ, ಕಿವಿಯ ಪಕ್ಕದಿಂದ, ಒಂದೇ ಸಲಕ್ಕೆ ಒಳಗೆ ನುಗ್ಗಿತು. ಎಷ್ಟೋ ವರ್ಷ ಆ ವಾಸನೆ ಆ ಮನೆಯಲ್ಲಿ ಇರಲಿಲ್ಲ. ನಡುಕೋಣೆಗೆ ಹೋಯಿತು, ಅಡುಗೆಕೋಣೆಗೆ ಹೋಯಿತು, ಅಪ್ಪ ಮಲಗುತ್ತಿದ್ದ ಕೋಣೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ನಾನು ಅದರ ಹಿಂದೆಯೇ ಕೋಣೆ ಕೋಣೆಗೆ ನಡೆದೆ. ಹಿಂಬಾಗಿಲಿಂದ ಹೊರಬಿದ್ದು ಬಾವಿಕಟ್ಟೆಯ ಮೇಲೆ ಕರಗುವವರೆಗೂ ನೋಡಿದೆ. ಮತ್ತೆ ಬಂತು, ಮತ್ತೆ ಹೋಯಿತು, ಈಗ ಒಂದೇ ಸಮ ಬರುತ್ತಿತ್ತು. "ಸೀದಾ ಆಯ್ತು, ಟಗ್ಗು ಸೀದಾ ಆಯ್ತು!" ಎಂದು ಗುಲಾಬಿ ಜಗಲಿಯಿಂದ ಕೂಗುತ್ತಿದ್ದಳು. ನಾನು ಬಾವಿಕಟ್ಟೆಯಲ್ಲಿ ಕೂತು ಅತ್ತೆ.

ಮಧ್ಯಾಹ್ನ ಹಡಗು ಧಕ್ಕೆಯಲ್ಲಿತ್ತು. ಊಟದ ಹೊತ್ತಿಗೆ ಐತಪ್ಪ ಬಂದ. ಒಳಗೆ ಬರಲಿಲ್ಲ, ಗೇಟಿನ ಒಳಗೆ, ಮೆಟ್ಟಿಲಿನ ಹೊರಗೆ, ಎರಡಕ್ಕೂ ನಡುವೆ ನಿಂತ. ಕೂದಲು ಹಣ್ಣಾಗಿತ್ತು. ಧಕ್ಕೆಯಲ್ಲಿ ದೂರದಿಂದ ಎಷ್ಟು ಸಲ ನೋಡಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಬಾಗಿಲ ಮೇಲಿನ ತೂತು ನೋಡಿದ, ಕೆಳಗೆ ಬಿದ್ದ ಇಟ್ಟಿಗೆ ಚೂರು ನೋಡಿದ, ನನ್ನ ಮಸಿ ಹಿಡಿದ ಮುಖ ನೋಡಿದ.

"ಅಣ್ಣ," ಎಂದ ಕೊನೆಗೆ, ಪಕ್ಕಕ್ಕೆ ನೋಡುತ್ತಾ. "ಎಡಗಡೆ ಪೈಪು ಇವತ್ತು ಒಳ್ಳೆ ಎಳೀತು. ನೀನು ಸರಿ ಮಾಡಿದ್ದು ಒಳ್ಳೆದಾಯ್ತು."

ನನಗೆ ತಪ್ಪಿಸಿಕೊಳ್ಳಲು ಅವನೇ ದಾರಿ ಬಿಟ್ಟುಕೊಟ್ಟಿದ್ದ. ಹೂಂ ಎಂದಿದ್ದರೆ ಸಾಕಿತ್ತು.

"ಪೈಪಿನದ್ದು ಎಂತದೂ ಇರ್ಲಿಲ್ಲ," ಎಂದೆ. "ಕಿಂಡಿ ಮುಚ್ಚಿತ್ತು. ನಾನೇ ಮುಚ್ಚಿದ್ದು. ಒಳಗೆ ಬಾ."

ಅವನು ತಲೆ ತಗ್ಗಿಸಿ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಳಚಲು ಬಾಗಿದ. ಒಂದು ಕಾಲಿನದ್ದು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕುವಾಗ ಗುಲಾಬಿ ಒಳಗಿಂದ ಕೂಗಿದಳು, "ಚಪ್ಪಲಿ ತೆಗೀಬೇಡ ಐತಪ್ಪ, ಕಾಲು ಕಪ್ಪಾಗ್ತದೆ. ಮನೆ ಇಡೀ ನಿಂದೇ ಮಸಿ."